ಡಾ. ತಾಲಿಮೆರೆನ್ ಆವೊ ಆಟವನ್ನು ತ್ಯಜಿಸಿದರೇ?

ಚಿಕ್ಕಪ್ಪ: ಡಾ. ಆವೊ ಅವರ ತ್ಯಾಗದ ಬಗ್ಗೆ ನಾನು ಈಗ ಕಳುಹಿಸಿದ ಬರಹವನ್ನು ಮಕ್ಕಳೆಲ್ಲರೂ ಓದಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ನಾಯಕರಾಗಿದ್ದ ಆವೊ ಅವರು, ಇಂಗ್ಲೆಂಡಿನ ಅರ್ಸೆನಲ್ ಫುಟ್‌ಬಾಲ್ ಕ್ಲಬ್ ಕರೆದರೂ ಕೋಟಿಗಟ್ಟಲೆ ಹಣವನ್ನೂ ಆಟವನ್ನೂ ಬಿಟ್ಟು ವೈದ್ಯರಾದರು. ತ್ಯಾಗವೆಂದರೆ ಇದು.

ನಾನು: ಚಿಕ್ಕಪ್ಪ, ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಕೋಟಿಯ ಮಾತು ಸರಿಯಲ್ಲ. ಅರ್ಸೆನಲ್ ಕರೆದಿತ್ತೆಂಬುದು ಬಹುಕಾಲದಿಂದ ಹೇಳಿಕೊಂಡು ಬಂದಿರುವ ಸಂಗತಿ. ಆದರೆ ಆಗ ಇಂಗ್ಲೆಂಡಿನಲ್ಲಿ ಆಟಗಾರರ ವೇತನಕ್ಕೆ ಮಿತಿಯಿತ್ತು, ಎಂಥ ದೊಡ್ಡ ಆಟಗಾರನಿಗೂ ವಾರಕ್ಕೆ 12 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ, ಆ ಮಿತಿ ರದ್ದಾದದ್ದು 1961ರಲ್ಲಿ. ಅವರು ಆಟ ಬಿಟ್ಟು ವೈದ್ಯಕೀಯಕ್ಕೆ ಹೋದವರೂ ಅಲ್ಲ. ಕಲ್ಕತ್ತದ ಕಾರ್ಮೈಕಲ್ ಮೆಡಿಕಲ್ ಕಾಲೇಜಿನಲ್ಲಿ, ಅಂದರೆ ಇಂದಿನ ಆರ್.ಜಿ. ಕರ್‌ನಲ್ಲಿ, ಓದುತ್ತಲೇ ಅಲ್ಲಿನ ಮೋಹನ್ ಬಾಗಾನ್ ಕ್ಲಬ್ ಪರ ಆಡುತ್ತಿದ್ದರು. ಲಂಡನ್ನಿಗೆ ಹೋದಾಗಲೂ ವಿದ್ಯಾರ್ಥಿಯೇ ಆಗಿದ್ದರು, ಪದವಿ ದೊರೆತದ್ದು 1950ರಲ್ಲಿ. ಟೈಫಾಯ್ಡ್‌ನಿಂದ ತೀರಿಕೊಂಡ ತಂದೆಗೆ, ಮಗ ವೈದ್ಯನಾಗಿ ತಮ್ಮ ನಾಗಾ ಜನರ ಸೇವೆ ಮಾಡಬೇಕೆಂಬ ಆಸೆಯಿತ್ತು. ಅವರು ಮೊದಲೇ ಹಿಡಿದಿದ್ದ ದಾರಿ ಅದು.

ಚಿಕ್ಕಪ್ಪ: ಹಣದ ವಿಷಯ ಒಪ್ಪುತ್ತೇನೆ. ಆದರೆ ಬಹುತೇಕ ಬರಿಗಾಲಿನಲ್ಲೇ ಆಡಿದ ತಂಡ, ಎರಡು ಪೆನಾಲ್ಟಿ ವ್ಯರ್ಥವಾದರೂ, ಫ್ರಾನ್ಸ್‌ಗೆ ಸೋತದ್ದು 1-2ರಿಂದ ಮಾತ್ರ. ಅಂಥ ತಂಡವನ್ನು ಮುನ್ನಡೆಸಿದವನಿಗೆ ದೊಡ್ಡ ಕ್ಲಬ್ಬಿನಲ್ಲಿ ಆಡುವ ಆಸೆ ಇರಲಿಲ್ಲವೆಂದು ನೀನು ಹೇಗೆ ಹೇಳುತ್ತೀಯ?

ಅತ್ತೆ: ಆಸೆ ಇದ್ದಿರಲೂಬಹುದು, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ನೀನು ಕಳುಹಿಸಿದ ಬರಹದ ಮುಕ್ಕಾಲು ಭಾಗ ಅವರು ಆಡದೇ ಉಳಿದ ಒಂದು ಕ್ಲಬ್ಬಿನ ಬಗ್ಗೆ ಇದೆ. 1953ರಲ್ಲಿ ಕೊಹಿಮಾದ ಆಸ್ಪತ್ರೆಗೆ ಸಹಾಯಕ ಸಿವಿಲ್ ಸರ್ಜನ್ ಆಗಿ ಹೋಗಿ, 1978ರಲ್ಲಿ ನಾಗಾಲ್ಯಾಂಡಿನ ಆರೋಗ್ಯ ಸೇವೆಗಳ ನಿರ್ದೇಶಕರಾಗಿ ನಿವೃತ್ತರಾಗುವವರೆಗಿನ ದುಡಿಮೆಗೆ ಸಿಕ್ಕಿರುವುದು ಒಂದೇ ಸಾಲು. ಲಂಡನ್ನಿಗೆ ಹೋದಾಗ ಅವರಿಗೆ 30 ವರ್ಷ, ಆಟಕ್ಕೆ ಉಳಿದಿದ್ದ ಕಾಲವೇ ಕಡಿಮೆ. ಓದುವ ಮಕ್ಕಳು ಆಸ್ಪತ್ರೆಯ ಕೆಲಸವನ್ನೂ ಅವರ ಪಾಲಿನ ನಷ್ಟವೆಂದೇ ಎಣಿಸಿಬಿಡುತ್ತಾರೆ ಎಂಬುದೇ ನನ್ನ ಬೇಸರ.

ಚಿಕ್ಕಪ್ಪ: ಹಾಗಾದರೆ ಅಕ್ಕ, ಕೋಟಿಯ ಸಾಲನ್ನು ತೆಗೆದು, ಕೊಹಿಮಾದ ವರ್ಷಗಳನ್ನು ಸೇರಿಸಿ ಮತ್ತೆ ಕಳುಹಿಸುತ್ತೇನೆ. ಅವರು ಬಿಟ್ಟುಕೊಟ್ಟದ್ದು ಸಣ್ಣದಲ್ಲ ಎಂಬ ಅಭಿಪ್ರಾಯವನ್ನು ಮಾತ್ರ ನಾನು ಬದಲಿಸುವುದಿಲ್ಲ.