ಸ್ವಗತ: ಒಬ್ಬನೇ ಆಡುವ ಮಾತೋ, ಉಳಿದವರಿಗೆ ಕೇಳದ ಮಾತೋ?

ನಾಟಕದಲ್ಲಿ ಪಾತ್ರ ತನಗೆ ತಾನೇ ಆಡಿಕೊಳ್ಳುವ ಉದ್ದ ಮಾತಿಗೆ ಇಂಗ್ಲಿಷಿನಲ್ಲಿ ಸೊಲಿಲೊಕ್ವಿ ಅಂತಾರೆ; ಎದುರಿಗಿದ್ದವರಿಗೆ ಕೇಳದ ಹಾಗೆ ನಡುವೆ ಆಡುವ ಚಿಕ್ಕ ಮಾತಿಗೆ ಅಸೈಡ್. ಕನ್ನಡದಲ್ಲಿ ಸೊಲಿಲೊಕ್ವಿಗೂ ಸ್ವಗತ, ಅಸೈಡ್‌ಗೂ ಸ್ವಗತ. ಎರಡಕ್ಕೂ ಒಂದೇ ಪದ ಸಾಕೇ? ಧಾರವಾಡದಲ್ಲಿ ಎಂ.ಎ. ಓದುವ ನನಗೂ, ನಾಟಕದ ಮೇಲೆ ಪಿಎಚ್.ಡಿ. ಮಾಡುತ್ತಿರುವ ಅಕ್ಕಾರಿಗೂ ಇದರ ಬಗ್ಗೆ ವಾದ ನಡೆದಿದೆ.

ಅಕ್ಕಾರು ಹಿಡಿದಿರುವುದು ಸಂಸ್ಕೃತ ನಾಟಕದ ದಾರಿ. ಶಾಕುಂತಲದ ಮೊದಲ ಅಂಕ ನೋಡಿ. ನೀವು ಯಾರು ಎಂದು ಅನಸೂಯೆ ಕೇಳುತ್ತಾಳೆ. ಹೇಳಿಬಿಡಲೋ, ಮುಚ್ಚಿಡಲೋ ಎಂದು ದುಷ್ಯಂತ ಅಂದುಕೊಳ್ಳುತ್ತಾನೆ. ಅಲ್ಲಿ 'ಆತ್ಮಗತಮ್' ಎಂಬ ಸೂಚನೆ ಇದೆ. ಮರುಕ್ಷಣವೇ 'ಪ್ರಕಾಶಮ್': ಪೌರವ ರಾಜ ಧರ್ಮಾಧಿಕಾರಕ್ಕೆ ನೇಮಿಸಿದವನು ನಾನು ಎಂದು ಕೇಳುವ ಹಾಗೆ ಹೇಳುತ್ತಾನೆ. ಮೂವರು ಹುಡುಗಿಯರೂ ಎದುರಿಗೇ ಇದ್ದಾರೆ. ಮೊದಲಿನ ಮಾತು ಒಬ್ಬರಿಗೂ ಕೇಳಿಲ್ಲ! ಆತ್ಮಗತ ಅಂದರೂ ಸ್ವಗತ ಅಂದರೂ ಅದೇ. "ಅಂದಮ್ಯಾಲ ಸ್ವಗತ ಅಂದ್ರ ಅಸೈಡ್ ಆತು. ಸೊಲಿಲೊಕ್ವಿಗೆ ಬ್ಯಾರೆ ಪದಾ ಹುಡುಕು ತಂಗಿ" ಅಂತಾರೆ.

ಆ ಶಾಸ್ತ್ರದಲ್ಲಿ ಇನ್ನೂ ಒಳಪದರಗಳಿವೆ. ಉಳಿದವರಿಗೆ ಕೇಳದ ಹಾಗೆ ಇಬ್ಬರು ಮಾತಾಡಿಕೊಂಡರೆ ಜನಾಂತಿಕ. ಆಗ ಉಂಗುರ ಬೆರಳು ಮಡಚಿ ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿಯಬೇಕು. ಯಾರಿಗೆ ಕೇಳಬಾರದು ಅನ್ನುವುದು ಕೈ ನೋಡಿದರೇ ಗೊತ್ತಾಗಬೇಕು.

ನನ್ನ ತಕರಾರು ರೂಢಿಯದು. ಇವತ್ತು ಸ್ವಗತ ಅಂದರೆ ಓದುಗರ ಕಣ್ಣಿಗೆ ಬರುವುದು ರಂಗದ ಮೇಲೆ ಒಬ್ಬನೇ ನಿಂತು ಆಡುವ ಉದ್ದ ಮಾತು. ಅದನ್ನು ಈಗ ಕಿತ್ತುಕೊಳ್ಳುವುದು ಹೇಗೆ? ಹೊಸ ಪದ ಅಸೈಡ್‌ಗೇ ಕೊಡೋಣ. (ಏಕಪಾತ್ರಾಭಿನಯವನ್ನು ಇದರಲ್ಲಿ ಎಳೆದು ತರಬೇಡಿ, ಅದು ಬೇರೆಯೇ.)

ಆದರೆ 'ಒಬ್ಬನೇ' ಅನ್ನೋದೂ ಅಷ್ಟು ಸಲೀಸಲ್ಲ. ಹ್ಯಾಮ್ಲೆಟ್‌ನ ಮೂರನೇ ಅಂಕದ 'ಇರುವುದೋ, ಇಲ್ಲದಿರುವುದೋ' ಎಲ್ಲರೂ ಕೊಡುವ ಉದಾಹರಣೆ, ಅಲ್ವಾ? ಆಗ ಒಫೀಲಿಯಾ ಪುಸ್ತಕ ಹಿಡಿದು ಅಲ್ಲೇ ಇರುತ್ತಾಳೆ. ರಾಜ ಮತ್ತು ಪೊಲೋನಿಯಸ್ ಮರೆಯಲ್ಲಿ ನಿಂತಿರುತ್ತಾರೆ. ಮಜಾ ಅಂದರೆ, ಒಫೀಲಿಯಾ ಕಣ್ಣಿಗೆ ಬೀಳುವ ತನಕ ಆ ಮಾತಿನಲ್ಲಿ ಎಲ್ಲೂ 'ನಾನು' ಇಲ್ಲ. ಇರುವುದು 'ನಾವು'. ಅದು ಅವನೊಬ್ಬನ ಅಳಲು ಅಲ್ಲ, ಮನುಷ್ಯರೆಲ್ಲರ ಪರವಾಗಿ ಹೂಡಿದ ವಾದ. ಕನ್ನಡದಲ್ಲಿ ಇದನ್ನು ಉಳಿಸಿಕೊಳ್ಳೋದು ಕಷ್ಟ. 'ಇರಲೋ, ಸಾಯಲೋ' ಅಂತ ಬರೆದಿರೋ, ಕ್ರಿಯಾಪದದ ಬಾಲ ಹಿಡಿದು 'ನಾನು' ಒಳಗೆ ಬಂದೇ ಬಿಡುತ್ತದೆ. 'ಇರುವುದೋ' ಅಂದರೆ ಬರುವುದಿಲ್ಲ.

"ನಾನು ಅನ್ನೂದೇ ಇಲ್ಲದ ಮಾತು ಸ್ವಗತ ಹೆಂಗಾಗತೈತಿ?" ಅಂತ ಅಕ್ಕಾರು ಮತ್ತೆ ಹಿಡಿದರು. ಬೇರು ಹಿಡಿದು ಅರ್ಥ ಅಳೆಯಹೊರಟರೆ ಯಾವ ಪದ ಉಳಿದೀತು ಅಂತ ನಾನು. ಒಪ್ಪಲಿಲ್ಲ, ಚಹಾ ಮಾತ್ರ ಕುಡಿಸಿದರು.

ಅಸೈಡ್‌ಗೆ 'ಓರೆಮಾತು' ಆದೀತೇ? ಹುಬ್ಬಳ್ಳಿ, ಗದಗ ಕಡೆ ಕಂಪನಿ ನಾಟಕದಲ್ಲಿ ಪಾರ್ಟು ಮಾಡಿದವರು ಯಾರಾದರೂ ಇದ್ದರೆ ತಿಳಿಸಿ: ತಾಲೀಮಿನಲ್ಲಿ ಮಾಸ್ತರು ಇಂಥ ಮಾತಿಗೆ ಏನನ್ನುತ್ತಿದ್ದರು? ಅದಕ್ಕೊಂದು ಹೆಸರಿತ್ತೇ, ಇಲ್ಲಾ ಬರೀ ಕೈ ಮಾಡಿ ತೋರಿಸುತ್ತಿದ್ದರೇ?