ಅಪ್‌ಡೇಟ್: ಎಕ್ಸ್‌ಟೆನ್ಷನ್ ಫೋನಿನ ಕರಕರ ನಿಂತಿತು

ಲ್ಯಾಂಡ್‌ಲೈನಿಗೆ ಮಹಡಿಯಲ್ಲಿ ಜೋಡಿಸಿದ ಎರಡನೇ ಫೋನಿನಲ್ಲಿ (ಎಕ್ಸ್‌ಟೆನ್ಷನ್) ಕರಕರ ಸದ್ದು, ವೈರ್ ಸುಲಿದಾಗೆಲ್ಲ ತುಂಡಾಗುತ್ತದೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಸರಿಹೋಯಿತು. ತಪ್ಪು ನಾನು ಸುಲಿಯಲು ಬಳಸುತ್ತಿದ್ದ ಬ್ಲೇಡಿನದು. 0.5 ಮಿ.ಮೀ. ತಾಮ್ರದ ಒಂಟಿ ಎಳೆಗೆ ಸಣ್ಣ ಗೀರು ಬಿದ್ದರೂ ಸ್ಕ್ರೂ ಬಿಗಿಸುವಾಗ ಅಲ್ಲೇ ಮುರಿಯುತ್ತದೆ, ಇಲ್ಲವೇ ಅರೆ ಮುರಿದು ನಿಂತು ಸದ್ದು ಮಾಡುತ್ತದೆ.

ಮೊದಲು ಹೊರಗಿನ ಲೈನ್ ಬಿಚ್ಚಿಡಿ. ಸುಮ್ಮನಿರುವಾಗ 48 ವೋಲ್ಟ್ ಡಿಸಿ ಅಷ್ಟೇ, ಆದರೆ ರಿಂಗ್ ಬಂದರೆ 75 ವೋಲ್ಟ್ ಎಸಿ, ಕೈ ಜುಮ್ಮೆನ್ನುತ್ತದೆ. ವೈರ್ ಸುಲಿಯುವ ಸ್ಟ್ರಿಪ್ಪರಿನ 24 ಗೇಜ್ (0.5 ಮಿ.ಮೀ. ಎಳೆಯ ಅಳತೆ) ತೂತಿನಲ್ಲಿ 10 ಮಿ.ಮೀ. ಸುಲಿದು, ತುದಿಯನ್ನು ಸ್ಕ್ರೂ ತಿರುಗುವ ದಿಕ್ಕಿಗೇ ಕೊಕ್ಕೆ ಮಾಡಿ. ಎದುರು ದಿಕ್ಕಿಗೆ ಸುತ್ತಿದರೆ ಬಿಗಿಸುವಾಗ ಹೊರಗೆ ಜಾರುತ್ತದೆ.

ನಡುವಿನ ಜಾಯಿಂಟಿಗೆ ಹೊಸೆದು ಟೇಪ್ ಸುತ್ತಬೇಡಿ, ತೇವಕ್ಕೆ ಕಿಲುಬು ಹಿಡಿಯುತ್ತದೆ. ಜೆಲ್ ತುಂಬಿದ ಗುಂಡಿ (ಬಟನ್) ಕನೆಕ್ಟರ್ ತನ್ನಿ. ಅದಕ್ಕೆ ಸುಲಿಯುವ ಕೆಲಸವೇ ಇಲ್ಲ: ಎರಡೂ ತುದಿ ತಳ ಮುಟ್ಟುವವರೆಗೆ ತೂರಿಸಿ, ಪಕ್ಕಡಿನಿಂದ ಗುಂಡಿ ಅದುಮಿದರೆ ಮುಗಿಯಿತು.

ಫೋನಿನ ಚಪ್ಪಟೆ ಕಾರ್ಡನ್ನು ಮಾತ್ರ ಸುಲಿಯಲು ಹೋಗಬೇಡಿ. ಒಳಗಿರುವುದು ನೂಲಿಗೆ ಸುತ್ತಿದ ತಾಮ್ರದ ರೇಕು, ಸ್ಕ್ರೂ ಕೆಳಗೆ ನಿಲ್ಲುವುದಿಲ್ಲ. ಪ್ಲಗ್ ಕೂಡಿಸಿದ ರೆಡಿ ಕಾರ್ಡೇ ವಾಸಿ.