ಹೆಡ್‌ಲೆಸ್ ಬ್ರೌಸರ್ ಅನ್ನೋದಕ್ಕೆ "ತೆರೆಮರೆ ಬ್ರೌಸರ್" ಒಪ್ಪುತ್ತಾ?

ಎಲ್ಲರಿಗೂ ನಮಸ್ಕಾರ,

ಒಂದು ಪದದ ಬಗ್ಗೆ ಕೇಳ್ಬೇಕಿತ್ತು, ಬರೀತಾ ಬರೀತಾ ಜೊತೆಗೆ ಇನ್ನೂ ಎರಡು ಮೂರು ಸೇರ್ಕೊಂಡ್ವು, ಓದೋಕೆ ಪುರುಸೊತ್ತಿಲ್ಲದವ್ರು ಕೊನೆಗೆ ಕೇಳಿರೋದನ್ನಾದ್ರೂ ನೋಡಿ.

ನಾನು ಶಿವಮೊಗ್ಗದಲ್ಲಿ ಶನಿವಾರ ಶನಿವಾರ ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಹೇಳಿಕೊಡ್ತೀನಿ, ಕನ್ನಡದಲ್ಲೇ. ಕೋಡ್ ಬರೆದು ಬ್ರೌಸರ್ ಎಬ್ಬಿಸೋದು, ಅದರ ಕೈಲಿ ಫಾರಂ ತುಂಬಿಸೋದು, ಬಟನ್ ಒತ್ತಿಸೋದು, ಬಂದ ಪೇಜು ಸರಿ ಇದ್ಯಾ ಅಂತ ನೋಡೋದು, ಇದೇ ಕೆಲಸ. ಇದಕ್ಕೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಇರಲಿ ಅಂತ ಬರೆಯೋಕೆ ಕೂತೆ. ಮೊದಲನೇ ಪುಟದಲ್ಲೇ ಹೆಡ್‌ಲೆಸ್ ಅಂತ ಬಂತು, ಅಂದ್ರೆ ಕಿಟಕಿ ತೋರಿಸದೇನೇ ಓಡೋ ಬ್ರೌಸರ್. ಅದಕ್ಕೆ "ತಲೆಯಿಲ್ಲದ ಬ್ರೌಸರ್" ಅಂತ ಬರೆದು ಜೆರಾಕ್ಸ್ ಮಾಡಿಸಿ ಹಂಚಿದೆ.

ಮುಂದಿನ ವಾರ ಒಬ್ಬ ಹುಡುಗಿ ತನ್ನ ಪ್ರೋಗ್ರಾಂ ತೋರಿಸಿದ್ಲು. ಲಾಗಿನ್ ಆಗೋತನಕ ಬರೆದು ಅಲ್ಲಿಗೇ ನಿಲ್ಲಿಸಿದ್ಲು. ಅದಾದಮೇಲೆ ಬರೋ ಪಟ್ಟಿ ಯಾಕಮ್ಮ ನೋಡಿಲ್ಲ ಅಂತ ಕೇಳಿದೆ. "ಆ ಪಟ್ಟಿ ತರೋದು ಪೇಜೊಳಗಿನ ಜಾವಾಸ್ಕ್ರಿಪ್ಟ್ ಅಲ್ವಾ ಸಾರ್, ಈ ಬ್ರೌಸರಿಗೆ ತಲೇನೇ ಇಲ್ವಲ್ಲ, ಅದನ್ನೆಲ್ಲ ಓಡಿಸೋಕೆ ಹೆಂಗ್ ಬರುತ್ತೆ" ಅಂದ್ಲು. ಅವಳದ್ದು ತಪ್ಪೇ ಅಲ್ಲ, "ತಲೆ ಇಲ್ವಾ ನಿಂಗೆ" ಅಂದ್ರೆ ನಮ್ಮಲ್ಲಿ ಬುದ್ಧಿ ಇಲ್ವಾ ಅಂತಾನೇ ಅರ್ಥ, ತಲೆ ಓಡ್ಸು, ತಲೆಗೆ ಹತ್ತಲಿಲ್ಲ, ತಲೆ ಕೆಟ್ಟಿದೆ, ಎಲ್ಲಾ ಕಡೆ ತಲೆ ಅನ್ನೋದು ಮಿದುಳೇ. ಇಂಗ್ಲಿಷ್‌ನವರು ಕಂಪ್ಯೂಟರ್ ಮಾತಲ್ಲಿ ಮಾನಿಟರನ್ನ ತಲೆ ಅಂತ ಕರೆದ್ರು, ಮಾನಿಟರ್ ಹಾಕದ ಸರ್ವರ್ ಹೆಡ್‌ಲೆಸ್ ಆಯ್ತು, ಆಮೇಲೆ ಅದೇ ಮಾತು ಬ್ರೌಸರಿಗೂ ಬಂತು. ಆ ದಾರಿ ನಮ್ಮ ಭಾಷೆಲಿ ಇಲ್ವೇ ಇಲ್ಲ, ಪದ ಒಂದೇ ಬಂದಿದೆ.

ಅವಳ ಅನುಮಾನ ಹೋಗ್ಲಿ ಅಂತ ಅಲ್ಲೇ ಕೂತು ಹೆಡ್‌ಲೆಸ್‌ನಲ್ಲೇ ಒಂದು ಸ್ಕ್ರೀನ್‌ಶಾಟ್ ತೆಗೆಸಿದ್ವಿ, ನಾವು ಬಳಸ್ತಿದ್ದದ್ದು ಪಪೆಟಿಯರ್, ಕೋಡಿಂದ ಬ್ರೌಸರ್ ಆಡಿಸೋ ಒಂದು ಸಾಧನ. ಚಿತ್ರ ತೆರೆದು ನೋಡಿದ್ರೆ ಪಟ್ಟಿ ಪೂರ್ತಿ ಬಂದಿದೆ, ಬಣ್ಣ, ಅಕ್ಷರ, ಕೆಳಗಿನ ಬಟನ್ ಎಲ್ಲಾ ಇದೆ. ಆದ್ರೆ ಮೇಲಿನ ಮೆನು ಮಾತ್ರ ಮಡಚ್ಕೊಂಡು ಮೂರು ಗೆರೆ ಆಗಿತ್ತು. ಪಪೆಟಿಯರ್‌ನಲ್ಲಿ ನಾವೇ ಅಳತೆ ಹೇಳದಿದ್ರೆ ಪುಟದ ಜಾಗ 800 ಇಂಟು 600 ಪಿಕ್ಸೆಲ್ ಮಾತ್ರ, ಅದನ್ನ ನೋಡಿ ಸೈಟು ಇದು ಸಣ್ಣ ಪರದೆ ಅಂತ ಮೆನು ಮಡಚಿದೆ. ಅಂದ್ರೆ ನೋಡಿ, ಈ ಬ್ರೌಸರಿಗೆ ತಲೆನೂ ಇದೆ, ಮುಖನೂ ಇದೆ, ಮುಖಕ್ಕೆ ಒಂದು ಅಗಲ ಎತ್ತರಾನೂ ಇದೆ. ಇಲ್ಲದೇ ಇರೋದು ನಾವು ನೋಡೋ ಕಿಟಕಿ ಒಂದೇ. ಹಂಗಾಗಿ "ಮೊಗವಿಲ್ಲದ" ಅನ್ನೋದನ್ನೂ ಅವತ್ತೇ ಬಿಟ್ಟೆ. "ಮುಂಡ ಬ್ರೌಸರ್" ಅಂತ ಒಬ್ಬ ಸ್ನೇಹಿತರು ಹೇಳಿದ್ರು, ರುಂಡ ಮುಂಡದ ಮುಂಡ ಸರಿಯೇ ಆದ್ರೂ ಕ್ಲಾಸಲ್ಲಿ ಜೋರಾಗಿ ಹೇಳೋಕೆ ಬಾಯಿ ಬರಲ್ಲ, ಬೈಗುಳದ ಹತ್ರ ಹತ್ರ ಕೇಳ್ಸುತ್ತೆ. ಕಬಂಧ ಅಂತಾನೂ ಯೋಚ್ನೆ ಮಾಡ್ದೆ, ಆದ್ರೆ ಕಬಂಧ ಬಾಹು ಅಂದ ತಕ್ಷಣ ಎಲ್ಲಾನೂ ಬಾಚಿ ನುಂಗೋದು ಕಣ್ಣಿಗೆ ಬರುತ್ತೆ.

ಈಗ ನನ್ನ ಮನಸ್ಸಲ್ಲಿರೋದು "ತೆರೆಮರೆ". ತೊಗಲುಗೊಂಬೆ ಆಟ ನೋಡಿದವ್ರಿಗೆ ಇದು ಬೇಗ ಹೊಳೆಯುತ್ತೆ. ಗೊಂಬೆ ಬಿಳಿ ಪರದೆ ಹಿಂದೇನೇ ಇರುತ್ತೆ, ದೀಪದ ಬೆಳಕಿಗೆ ನಮಗೆ ಈ ಕಡೆ ಕಾಣುತ್ತೆ. ದೀಪ ಹಚ್ಚದೇ ಇದ್ರೂ ಕೈ ಕಾಲು ಆಡಿಸಬಹುದು, ಗೊಂಬೆಗೇನೂ ಕಡಿಮೆ ಆಗಿರಲ್ಲ, ನಮಗೆ ಕಾಣಲ್ಲ ಅಷ್ಟೆ. ಹೆಡ್‌ಲೆಸ್ ಅಂದ್ರೆ ಇದೇ. 2017ರಲ್ಲಿ ಕ್ರೋಮ್ 59ರಲ್ಲಿ ಈ ಸೌಲಭ್ಯ ಬರೋಕೆ ಮುಂಚೆ ಸರ್ವರಲ್ಲಿ ಮಾಮೂಲಿ ಬ್ರೌಸರ್ ಓಡಿಸ್ಬೇಕು ಅಂದ್ರೆ ಲಿನಕ್ಸಲ್ಲಿ ಎಕ್ಸ್‌ವಿಎಫ್‌ಬಿ ಅಂತ ಒಂದು ಸುಳ್ಳು ಪರದೆ ಕಟ್ಟಿ ಅದರ ಮೇಲೆ ಓಡಿಸ್ತಿದ್ವಿ, ಇಲ್ಲಾ 2011ರಲ್ಲಿ ಬಂದಿದ್ದ ಫ್ಯಾಂಟಮ್‌ಜೆಎಸ್ ಅನ್ನೋ ಕಿಟಕಿಯಿಲ್ಲದ ಬೇರೆ ಬ್ರೌಸರ್ ಬಳಸ್ತಿದ್ವಿ. ಆ ಸುಳ್ಳು ಪರದೆ ಅನ್ನೋ ಮಾತಲ್ಲೂ ಪರದೆಯ ಲೆಕ್ಕವೇ ಇತ್ತು, ತಲೆಯದ್ದಲ್ಲ.

ಹೆಸರುಗಳಲ್ಲಿ ಇಷ್ಟು ಕಷ್ಟ ಪಟ್ಟೆ, ಕ್ರಿಯಾಪದಕ್ಕೆ ಬಂದಾಗ ಮಾತ್ರ ಬಹಳ ಖುಷಿಯಾಯ್ತು, ಇದನ್ನ ಹೇಳದೇ ಇರೋಕೆ ಆಗ್ತಿಲ್ಲ. ನಾನೇ ಮೌಸ್ ಹಿಡಿದು ಮಾಡಿದ್ರೆ ಒತ್ತೋದು, ಕೋಡಿಂದ ಬ್ರೌಸರ್ ಕೈಲಿ ಮಾಡಿಸಿದ್ರೆ ಒತ್ತಿಸೋದು. ಬರೆ ಬರೆಸು, ತೆರೆ ತೆರೆಸು, ಮುಚ್ಚು ಮುಚ್ಚಿಸು. ಒಂದು "ಇಸು" ಸೇರಿಸಿದ್ರೆ ಸಾಕು, ಯಾರು ಹೇಳಿದ್ರು ಯಾರು ಮಾಡಿದ್ರು ಎರಡೂ ಗೊತ್ತಾಗುತ್ತೆ. ಸ್ವಯಂಚಾಲಿತ ಅನ್ನೋ ಪದಾನೇ ಇಲ್ಲಿ ಸರಿ ಇಲ್ಲ ಅನ್ಸುತ್ತೆ ನನಗೆ, ಬ್ರೌಸರ್ ತಾನೇ ತಾನಾಗಿ ನಡೀತಿಲ್ಲ, ನಾವು ಆಡಿಸ್ತಿದ್ದೀವಿ, ಗೊಂಬೆ ಆಡಿಸಿದ ಹಾಗೆ.

ಆದ್ರೆ ಕಾಯೋ ಕಡೆ ಈ "ಇಸು" ನಿಲ್ಲಲ್ಲ. ಬಟನ್ ಕಾಣಿಸ್ಕೊಳ್ಳೋತನಕ ಕಾಯ್ಬೇಕು ಅನ್ನೋದನ್ನ ಒಬ್ಬ ಹುಡುಗ "ಬ್ರೌಸರನ್ನ ಕಾಯಿಸು" ಅಂತ ಬರೆದಿದ್ದ. ಹಾಲು ಕಾಯಿಸೋದು ಅಂತ ಒಂದು ಅರ್ಥ ಇರೋದು ಬೇರೆ ವಿಷಯ, ಅಸಲಿಗೆ ಇಲ್ಲಿ ಕಾಯೋರು ಯಾರು? ಸೆಲೆನಿಯಂ ಅಂತ ಪಪೆಟಿಯರ್ ಥರದ್ದೇ ಇನ್ನೊಂದು ಸಾಧನ ಇದೆ, ಅದರಲ್ಲಿ ನಮ್ಮ ಪ್ರೋಗ್ರಾಮೇ ಅರ್ಧ ಅರ್ಧ ಸೆಕೆಂಡಿಗೆ ಬಂತಾ ಬಂತಾ ಅಂತ ಕೇಳ್ತಾ ಇರುತ್ತೆ, ಬ್ರೌಸರ್ ತನ್ನ ಪಾಡಿಗೆ ಪೇಜು ಲೋಡ್ ಮಾಡ್ತಿರುತ್ತೆ. ಹಂಗಾಗಿ ಅದು "ಕಾದಿರು", ಕಾಯಿಸು ಅಲ್ಲ. ಆ ಹುಡುಗನಿಗೆ ಇದನ್ನ ಹೇಳಿದಮೇಲೇನೇ ಯಾವುದು ಯಾರ ಕೆಲಸ ಅನ್ನೋದು ಅರ್ಥ ಆಗಿದ್ದು.

ಕೋಡಿಂದ ಬ್ರೌಸರ್ ಶುರು ಮಾಡೋ ಲಾಂಚ್‌ಗೆ ನಾನು "ಎಬ್ಬಿಸು" ಅಂತ ಬರೀತಿದ್ದೀನಿ. ಉಡಾವಣೆ ರಾಕೆಟ್ಟಿಗೆ ಹೋಯ್ತು, ಲೋಕಾರ್ಪಣೆ ಪುಸ್ತಕಕ್ಕೆ, ಇನ್ನು ನಮ್ಮ ಸಾಗರದ ಕಡೆಯವರಿಗೆ ಲಾಂಚ್ ಅಂದ್ರೆ 2025ರಲ್ಲಿ ಸೇತುವೆ ಆಗೋತನಕ ಶರಾವತಿ ಹಿನ್ನೀರಲ್ಲಿ ಸಿಗಂದೂರಿಗೆ ದಾಟಿಸ್ತಿದ್ದ ಲಾಂಚು. ತೆರೆಸು ಅನ್ನಬಹುದಿತ್ತು, ಆದ್ರೆ ನಮ್ಮ ಕಡೆ ಮಾತಲ್ಲಿ ತೆರಿ ಅನ್ನೋದು ಕಡಿಮೆ, ಬಾಗ್ಲು ತೆಗಿ ಅಂತೀವಿ, ತೆಗಿ ಅಂದ್ರೆ ಕಿತ್ತು ಹಾಕು ಅಂತಾನೂ ಆಗುತ್ತೆ. ಇನ್ನು ಪಪೆಟಿಯರ್, ಸೆಲೆನಿಯಂ ಇವೆಲ್ಲ ಹೆಸರುಗಳು, ಇದ್ದ ಹಾಗೇ ಇರಲಿ. ಸೆಲೆನಿಯಂ ಅಂತೂ 2004ರಲ್ಲಿ ಜೇಸನ್ ಹಗ್ಗಿನ್ಸ್ ಶುರು ಮಾಡಿದ್ದು, ಆಗ ಮರ್ಕ್ಯುರಿ, ಅಂದ್ರೆ ಪಾದರಸ, ಅನ್ನೋ ಹೆಸರಿನ ಕಂಪನಿಯ ಟೆಸ್ಟಿಂಗ್ ಸಾಫ್ಟ್‌ವೇರ್ ದೊಡ್ಡದಾಗಿತ್ತು, ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಅನ್ನೋ ಮಾತಿಂದ ಆ ಹೆಸರು ಬಂದಿದ್ದು, ಅದನ್ನ ಅನುವಾದ ಮಾಡಿದ್ರೆ ಕಥೆನೇ ಹೋಗ್ಬಿಡುತ್ತೆ.

ಸರಿ, ತೆರೆಮರೆಗೆ ವಾಪಸ್ ಬರ್ತೀನಿ. ನನಗೆ ಎರಡು ಅಳುಕಿದೆ. ಪತ್ರಿಕೇಲಿ ದಿನಾ "ತೆರೆಮರೆಯ ಕಸರತ್ತು" ಅಂತ ಓದಿ ಓದಿ ಆ ಪದಕ್ಕೆ ಗುಟ್ಟಿನ ವಾಸನೆ ಹತ್ತಿದೆ. ಹೆಡ್‌ಲೆಸ್‌ನಲ್ಲಿ ಗುಟ್ಟೇನೂ ಇಲ್ಲ, ಕೋಡಿಂದ ಆಡಿಸ್ತಿರೋ ಬ್ರೌಸರ್ ನ್ಯಾವಿಗೇಟರ್ ಡಾಟ್ ವೆಬ್‌ಡ್ರೈವರ್ ಅನ್ನೋ ಕಡೆ "ಹೌದು" ಅಂತ ತಾನೇ ಹೇಳ್ಕೊಳ್ಳುತ್ತೆ, ಸೈಟಿನವರು ಬೇಕಾದ್ರೆ ನೋಡ್ಕೋಬಹುದು. ಮಕ್ಕಳು ಇದನ್ನ ಕದ್ದು ಕೆಲಸ ಮಾಡೋ ಬ್ರೌಸರ್ ಅಂತ ತಿಳ್ಕೊಂಡ್ರೆ ಮತ್ತೆ ತಲೆಯಿಲ್ಲದ ಬ್ರೌಸರಿನ ಕಥೆಯೇ ಆಗುತ್ತೆ. ಎರಡನೇದು, ಮಿನಿಮೈಸ್ ಮಾಡಿಟ್ಟ ಬ್ರೌಸರಿಗೂ ಇದಕ್ಕೂ ವ್ಯತ್ಯಾಸ ತಿಳಿಯುತ್ತಾ ಅಂತ, ಅದಕ್ಕೆ ಕಿಟಕಿ ಇದೆ, ಮಡಚಿಟ್ಟಿದ್ದೀವಿ, ಇದಕ್ಕೆ ಕಿಟಕಿನೇ ಮಾಡಿಲ್ಲ. "ಕಿಟಕಿಯಿಲ್ಲದ ಬ್ರೌಸರ್" ಅಂದ್ರೆ ಎರಡೂ ಅಳುಕು ಹೋಗುತ್ತೆ, ಆದ್ರೆ ಉದ್ದ, "ಹೆಡ್‌ಲೆಸ್ ಆಗಿ ಓಡಿಸು" ಅನ್ನೋ ಕಡೆ "ತೆರೆಮರೇಲಿ ಓಡಿಸು" ಅಂದಷ್ಟು ಸಲೀಸಾಗಿ ಬರಲ್ಲ.

ನಿಮಗೆ ತೆರೆಮರೆ ಅಂದ ತಕ್ಷಣ ಮೊದಲು ಏನು ಹೊಳೆಯುತ್ತೆ, ರಂಗದ ತೆರೆನಾ, ರಾಜಕೀಯದ ಗುಟ್ಟಾ? ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ಹೇಳಿ, ನನ್ನ ಕಿವಿ ಮಲೆನಾಡಿಂದು. ಗೊಂಬೆಯಾಟದವರ ಮಾತಲ್ಲಿ ದೀಪ ಹಚ್ಚೋಕೆ ಮುಂಚೆ ಗೊಂಬೆ ಆಡಿಸಿ ನೋಡೋದಕ್ಕೆ ಬೇರೆ ಪದ ಏನಾದ್ರೂ ಇದ್ರೆ ಅದೂ ಬೇಕು. ಎರಡನೇ ಸಲ ಜೆರಾಕ್ಸಿಗೆ ಕೊಡೋದನ್ನ ಹದಿನೈದು ದಿನ ಮುಂದಕ್ಕೆ ಹಾಕಿದ್ದೀನಿ.